ಒಂದೇ ಲಿಫ್ಟಿನಲ್ಲಿ ಎರಡೂ ಬೀಗದಕೈ

ಹೋದ ತಿಂಗಳು ಮಗಳನ್ನು ಲಂಡನ್ನಿನ ಕ್ಯಾನರಿ ವಾರ್ಫ್‌ಗೆ ಕರೆದುಕೊಂಡು ಹೋಗಿದ್ದೆ. ಒಂದು ವಾರ ಯಾವುದಾದರೂ ಆಫೀಸಿನಲ್ಲಿ ಕೆಲಸ ನೋಡಿ ಬನ್ನಿ ಅಂತ ಸ್ಕೂಲಿನವರು ಕಳಿಸುತ್ತಾರಲ್ಲ, ಅದಕ್ಕೆ. ಹದಿನೈದು ವರ್ಷದವಳು, ಒಬ್ಬಳೇ ಹೋಗ್ತೀನಿ ಅಂತ ಮುಖ ಗಂಟು ಹಾಕಿಕೊಂಡಿದ್ದಳು. ಮೊದಲ ದಿನ ಅಂತ ನಾನೇ ಬಿಡದೆ ಬೆನ್ನು ಹತ್ತಿದ್ದೆ. ಕೆಳಗೆ ಒಂದು ಗಾಜಿನ ಫಲಕದ ಮೇಲೆ ಮಹಡಿಯ ನಂಬರು ಒತ್ತಿದೆವು. ಯಾವ ಲಿಫ್ಟಿಗೆ ಹೋಗಬೇಕು ಅಂತ ಅದೇ ಹೇಳಿತು. ಒಳಗೆ ಹೋದವಳು ಅಭ್ಯಾಸಬಲದಿಂದ ಕೈ ಎತ್ತಿದೆ, ನೋಡಿದರೆ ಒತ್ತುವುದಕ್ಕೆ ನಂಬರುಗಳೇ ಇಲ್ಲ. ನುಣ್ಣಗಿನ ಸ್ಟೀಲ್ ಗೋಡೆ, ಬಾಗಿಲು ತೆಗೆಯುವ ಗುಂಡಿ ಒಂದು, ಅಪಾಯದ ಗಂಟೆ ಒಂದು, ಅಷ್ಟೇ. ಸೂಟು ಬೂಟಿನವರೆಲ್ಲ ನೋಡುತ್ತಿದ್ದರು. ಮಗಳು ಹಲ್ಲು ಕಚ್ಚಿಕೊಂಡು, "ಅಮ್ಮಾ, ಪ್ಲೀಸ್..." ಅಂದಳು.

ಬಾಗಿಲು ಮುಚ್ಚಿತು. ಬಿಸಿ ಲೋಹ, ಗ್ರೀಸು ಬೆರೆತ ಸಣ್ಣ ವಾಸನೆ ಮೂಗಿಗೆ ಬಂತು. ಎಷ್ಟೇ ಹೊಸ ಕಟ್ಟಡವಾದರೂ ಆ ವಾಸನೆ ಮಾತ್ರ ಎಲ್ಲ ಲಿಫ್ಟಿನಲ್ಲೂ ಒಂದೇ. ಇಂಥ ಲಿಫ್ಟಿನ ವಿಷಯ ನನಗೆ ಹದಿನಾರು ವರ್ಷದ ಹಿಂದೆಯೇ ಒಬ್ಬರು ಹೇಳಿದ್ದರು. "ಹೊರಗ ಹೇಳಿ ಒಳಗ ಬರೂದು ತಂಗಿ. ಒಂದ ಮಹಡಿಗೆ ಹೋಗೋ ಮಂದಿನ್ನೆಲ್ಲಾ ಒಂದರಾಗ ತುಂಬಿದ್ರ, ನಡು ನಡುವ ನಿಲ್ಲೂದು ತಪ್ಪತದ" ಅಂತ. ನಮ್ಮ ಪಕ್ಕದ ಮನೆ ಕಾಕಾ...

ಆಗ ನಾವು ಈಸ್ಟ್ ಹ್ಯಾಮ್ ಹತ್ತಿರ ಕೌನ್ಸಿಲಿನವರು, ಅಂದರೆ ಇಲ್ಲಿನ ನಗರಸಭೆಯವರು, ಕಟ್ಟಿಸಿದ ಒಂದು ಹಳೇ ಕಟ್ಟಡದ ಹನ್ನೊಂದನೇ ಮಹಡಿಯಲ್ಲಿ ಬಾಡಿಗೆಗಿದ್ದೆವು. ನಮ್ಮವರು ಆಸ್ಪತ್ರೆಯಲ್ಲಿ ಜೂನಿಯರ್ ಡಾಕ್ಟರು. ನಾನು ಮೈಸೂರಿನಿಂದ ಬಂದು ಎಂಟು ತಿಂಗಳಾಗಿತ್ತು, ಬಾಯಿ ಜಾಸ್ತಿ, ಧೈರ್ಯ ಕಮ್ಮಿ. ಲಿಫ್ಟಿನ ಬಾಗಿಲು ಮುಚ್ಚಿಕೊಂಡರೆ ಸಾಕು, ಕಿವಿ ಗುಂಯ್ ಅನ್ನುತ್ತಿತ್ತು. ಯಾಕೆ ಅಂತ ಕೇಳಬೇಡಿ. ಕೆಲವರಿಗೆ ಜಿರಳೆ ಕಂಡರೆ ಆಗಲ್ಲ, ನನಗೆ ಲಿಫ್ಟು ಆಗುತ್ತಿರಲಿಲ್ಲ. ಹನ್ನೊಂದು ಮಹಡಿಯನ್ನೂ ಹತ್ತಿಕೊಂಡೇ ಹೋಗುತ್ತಿದ್ದೆ, ಅಕ್ಕಿ ಮೂಟೆ ಇದ್ದರೂ ಸರಿ.

ಒಂದು ಮಧ್ಯಾಹ್ನ ಏಳನೇ ಮಹಡಿಯ ಮೆಟ್ಟಿಲ ಮೇಲೆ ಕೂತು ಏದುಸಿರು ಬಿಡುತ್ತಾ, ಲಂಡನ್ನಿಗೆ, ಈ ಕಟ್ಟಡ ಕಟ್ಟಿದವನಿಗೆ, ಇಲ್ಲಿಗೆ ತಂದು ಹಾಕಿದ ಗಂಡನಿಗೆ ಎಲ್ಲರಿಗೂ ಸೇರಿಸಿ ಮಂಗಳಾರತಿ ಮಾಡುತ್ತಿದ್ದೆ, ಜೋರಾಗಿಯೇ. ಯಾರಿಗೆ ಅರ್ಥವಾಗುತ್ತೆ ಅನ್ನುವ ಧೈರ್ಯ. ಹಿಂದೆ ಯಾರೋ ಕೆಮ್ಮಿದರು. ತಿರುಗಿದರೆ ತೆಳ್ಳಗೆ ಉದ್ದಕ್ಕಿದ್ದ ವಯಸ್ಸಾದವರೊಬ್ಬರು, ಕೈಯಲ್ಲಿ ಹಾಲಿನ ಚೀಲ. ಲಿಫ್ಟು ಏಳರಲ್ಲಿ ನಿಂತಾಗ ನನ್ನ ದನಿ ಕೇಳಿ ಇಳಿದು ಬಂದಿದ್ದರಂತೆ. ಬೈಗುಳ ಛೊಲೋ ಅದಾವು, ಮೈಸೂರು ಕಡೆಯವೇನು ಅಂತ ಕೇಳಿದರು. ನೆಲ ಬಾಯಿ ಬಿಟ್ಟರೆ ಸಾಕು ಅನ್ನಿಸಿತು. ಅವರು ಧಾರವಾಡದವರು, ನಮ್ಮ ಪಕ್ಕದ ಬಾಗಿಲಿನವರೇ! ಎಂಟು ತಿಂಗಳು ನಾಲ್ಕು ಹೆಜ್ಜೆ ದೂರದಲ್ಲಿದ್ದೂ ನನಗೆ ಗೊತ್ತಿರಲಿಲ್ಲ. ಅಂಕಲ್ ಅಂದಿದ್ದಕ್ಕೆ, ಅಂಕಲ್ ಅನ್ನಿಸಿಕೊಂಡು ನಲವತ್ತು ವರ್ಷ ಆಯಿತು ಸಾಕಾಗಿದೆ, ಕಾಕಾ ಅನ್ನು ಅಂದರು. ಅವತ್ತಿನಿಂದ ಅವರು ಕಾಕಾ, ಅವರ ಹೆಂಡತಿ ಕಾಕು. ಮಕ್ಕಳಿರಲಿಲ್ಲ.

ಮೆಟ್ಟಿಲು ಯಾಕೆ ಹತ್ತುತ್ತೀ ಅಂತ ಕೇಳಿದರು. ಲಿಫ್ಟು ಬಿದ್ದುಹೋಗುತ್ತೆ ಅನ್ನೋ ಭಯ ಅಂದೆ. ಅವರ ಮುಖದಲ್ಲಿ ಬೇಜಾರು ಕಂಡಿತು ನೋಡಿ, ಅವರ ಮನೆತನಕ್ಕೇ ಏನೋ ಅಂದುಬಿಟ್ಟೆನೇನೋ ಅನ್ನುವ ಹಾಗೆ. ಯಾಕೆ ಅಂತ ಆಮೇಲೆ ತಿಳಿಯಿತು. ಜೀವನಪೂರ್ತಿ ಅವರು ಮಾಡಿದ್ದು ಲಿಫ್ಟಿನ ಕೆಲಸವೇ. ಕಟ್ಟಡ ಏಳುವ ಮೊದಲೇ ಅದಕ್ಕೆ ಎಷ್ಟು ಲಿಫ್ಟು ಬೇಕು, ಎಷ್ಟು ದೊಡ್ಡವು, ಎಷ್ಟು ವೇಗದವು ಅಂತ ಲೆಕ್ಕ ಹಾಕಿಕೊಡುವ ಎಂಜಿನಿಯರು. ರಿಟೈರಾಗಿ ಬಹಳ ವರ್ಷವಾಗಿತ್ತು, ಲೆಕ್ಕ ಮಾತ್ರ ರಿಟೈರಾಗಿರಲಿಲ್ಲ.

ಆ ಲೆಕ್ಕದ ಕಥೆ ಕೇಳುವುದೇ ಒಂದು ಮಜ. ಇಡೀ ದಿನದ ಬಗ್ಗೆ ತಲೆ ಕೆಡಿಸಿಕೊಳ್ಳುವುದಿಲ್ಲವಂತೆ. ಆಫೀಸಿಗೆ ಬೆಳಿಗ್ಗೆ ಎಲ್ಲರೂ ನುಗ್ಗುವ ಹೊತ್ತಿನಲ್ಲಿ ಅತಿ ಗಿಜಿಗಿಜಿಯ ಐದು ನಿಮಿಷ ಯಾವುದು, ಅದನ್ನು ಹಿಡಿಯುವುದು. ಆ ಐದು ನಿಮಿಷದಲ್ಲಿ ಎಷ್ಟು ಜನ ಬಂದಾರು, ಒಂದು ಲಿಫ್ಟು ತುಂಬಿಕೊಂಡು ಹೋಗಿ, ಎಲ್ಲೆಲ್ಲಿ ನಿಂತು, ಬಾಗಿಲು ತೆಗೆದು ಮುಚ್ಚಿ, ವಾಪಸು ಕೆಳಗೆ ಬರುವುದಕ್ಕೆ ಎಷ್ಟು ಸೆಕೆಂಡು. ಆ ಸುತ್ತಿನ ಹೊತ್ತನ್ನು ಲಿಫ್ಟಿನ ಸಂಖ್ಯೆಯಿಂದ ಭಾಗಿಸಿದರೆ ಎಷ್ಟು ಹೊತ್ತಿಗೊಂದು ಲಿಫ್ಟು ಕೆಳಗೆ ಸಿಗುತ್ತೆ ಅನ್ನೋದು ಬಂತು. ಅರ್ಧ ನಿಮಿಷ ದಾಟಿದರೆ ಮನುಷ್ಯರಿಗೆ ಸಿಟ್ಟು ಬರುತ್ತೆ ಅನ್ನುತ್ತಿದ್ದರು. ಎಂಟು ಜನ ಅಂತ ಬರೆದಿರುವ ಲಿಫ್ಟಿಗೆ ಎಂಟು ಜನ ಯಾವತ್ತೂ ಹತ್ತುವುದಿಲ್ಲ, ಆರಾಗುತ್ತಲೇ ಉಳಿದವರು ಮುಂದಿನದಕ್ಕೆ ನಿಲ್ಲುತ್ತಾರೆ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಒಬ್ಬ ಮನುಷ್ಯನಿಗೆ ಎಪ್ಪತ್ತೈದು ಕಿಲೋ ಅಂತ ಹಿಡಿಯುತ್ತಾರಂತೆ. ನಿಮ್ಮ ಕಾಕು ಎರಡು ಸಲ ಹತ್ತಿದರೂ ಅಷ್ಟಾಗೂದಿಲ್ಲ ಅಂತ ನಗುತ್ತಿದ್ದರು.

ನಮ್ಮ ಕಟ್ಟಡ ಕಂಡರೆ ಮಾತ್ರ ಅವರಿಗೆ ಉರಿಯುತ್ತಿತ್ತು. ಇದ್ದದ್ದು ಎರಡು ಲಿಫ್ಟು. ಒಂದು ಬೆಸ ಮಹಡಿಗಳಿಗೆ, ಇನ್ನೊಂದು ಸಮ ಮಹಡಿಗಳಿಗೆ. ಬಾಗಿಲುಗಳ ಖರ್ಚು ಉಳಿಸೋದಕ್ಕೆ ಆ ಕಾಲದಲ್ಲಿ ಹಾಗೆ ಕಟ್ಟುತ್ತಿದ್ದರಂತೆ. ಅಂದರೆ ಹನ್ನೊಂದನೆಯವರಿಗೆ ಇದ್ದದ್ದು ಒಂದೇ ಲಿಫ್ಟು. ಅದು ಕೆಟ್ಟರೆ ಹತ್ತಕ್ಕೋ ಹನ್ನೆರಡಕ್ಕೋ ಇನ್ನೊಂದರಲ್ಲಿ ಹೋಗಿ ಮೆಟ್ಟಿಲು ಹಿಡಿಯಬೇಕು. ಊರಿಗೆಲ್ಲ ಲಿಫ್ಟು ಲೆಕ್ಕ ಹಾಕಿಕೊಟ್ಟವರು ಇಂಥಾ ಕಡೆ ಯಾಕೆ ಮನೆ ತಗೊಂಡ್ರಿ ಅಂತ ನಾನು ಕಿಚಾಯಿಸಿದರೆ, ವೈದ್ಯನ ಮನ್ಯಾಗ ರೋಗಿ ಇರೂದಿಲ್ಲೇನು ಅಂದುಬಿಡುತ್ತಿದ್ದರು. ಆ ಮಾತು ಆಗ ಬರೀ ತಮಾಷೆ ಅಂದುಕೊಂಡೆ.

ನನಗೆ ಐದನೇ ತಿಂಗಳು ಅಂತ ಅವರಿಗೆ ಗೊತ್ತಾದ ಮೇಲೆ, ನನ್ನ ಭಯ ಬಿಡಿಸುವುದು ಕಾಕಾ ಅವರ ಪ್ರಾಜೆಕ್ಟ್ ಆಯಿತು. ಮೊದಲ ಪಾಠ ಬರೀ ಬಾಯಲ್ಲಿ. ಲಿಫ್ಟು ಅಂದರೆ ತಕ್ಕಡಿ. ಒಂದು ಕಡೆ ನಾವು ನಿಲ್ಲುವ ಪೆಟ್ಟಿಗೆ, ಇನ್ನೊಂದು ಕಡೆ ಗೋಡೆಯ ಹಿಂದೆ ಕಬ್ಬಿಣದ ಕೌಂಟರ್‌ವೇಟು. ಅದರ ತೂಕ ಪೆಟ್ಟಿಗೆಯ ತೂಕ, ಜೊತೆಗೆ ಅದು ಹಿಡಿಸುವ ಜನದಲ್ಲಿ ಅರ್ಧದಷ್ಟು ಜನದ ತೂಕ. ಹಾಗಾಗಿ ಒಬ್ಬರೋ ಇಬ್ಬರೋ ಇದ್ದರೆ ಲಿಫ್ಟಿಗೆ ಮೇಲಕ್ಕೆ ಹೋಗುವ ಆಸೆಯೇ ಹೊರತು ಕೆಳಗಲ್ಲ. ಹಗ್ಗ ಒಂದಲ್ಲ, ನಾಲ್ಕೈದು. ಅದೂ ಹೋಯಿತು ಅಂತಿಟ್ಟುಕೋ, ವೇಗ ಮೀರಿದ ಕೂಡಲೇ ಅಡಿಯಲ್ಲಿರುವ ಇಕ್ಕಳಗಳು ಎರಡೂ ಬದಿಯ ಕಂಬಿಯನ್ನು ಕಚ್ಚಿ ಹಿಡಿಯುತ್ತವೆ. ಕರೆಂಟು ಹೋದರೆ ಬ್ರೇಕು ಬಿಡುವುದಿಲ್ಲ, ಹಿಡಿಯುತ್ತೆ. ಬ್ರೇಕು ಬಿಡಬೇಕಾದರೇ ಕರೆಂಟು ಬೇಕು. "ಲಿಫ್ಟ ಅಂದ್ರ ಬೀಳೋ ಮಷೀನ್ ಅಲ್ಲ ತಂಗಿ, ನಿಲ್ಲೋ ಮಷೀನ್. ಒಂಚೂರು ಸಂಶಯ ಬಂದ್ರೂ ನಿಂತಬಿಡತದ" ಅಂದಿದ್ದರು.

ಆಮೇಲೆ ಪ್ರಾಕ್ಟಿಕಲ್. ಮೊದಲ ವಾರ ಬಾಗಿಲ ಮುಂದೆ ನಿಂತು ಹೋಗಿಬರುವುದನ್ನು ಎಣಿಸುವುದು. ಎರಡನೇ ವಾರ ಹನ್ನೊಂದರಿಂದ ಒಂಬತ್ತಕ್ಕೆ, ಅಷ್ಟೇ. ಕಣ್ಣು ಮುಚ್ಚಿ ಹನುಮಾನ್ ಚಾಲೀಸಾ ಹೇಳುತ್ತಿದ್ದೆ, ಅವರು ಪಕ್ಕದಲ್ಲಿ ನಿಂತು ಗಡಿಯಾರ ನೋಡುತ್ತಿದ್ದರು. ಗಡಿಯಾರ ನೋಡುವುದು ಅವರ ಚಟ ಅಂದುಕೊಂಡಿದ್ದೆ.

ಕಾಕು ಹೊರಗೆ ಬಂದದ್ದನ್ನು ನಾನು ನೋಡಲೇ ಇಲ್ಲ. ಮಂಡಿನೋವು ಅನ್ನುತ್ತಿದ್ದರು ಕಾಕಾ. ವಾರಕ್ಕೊಂದು ಸಲ ನನ್ನನ್ನು ಚಹಾಕ್ಕೆ ಕರೆಯುತ್ತಿದ್ದರು. ಗಿರ್ಮಿಟ್ ಕಾಕಾ ಅವರೇ ಮಾಡುತ್ತಿದ್ದರು. ಕಾಕು ಇಳಕಲ್ ಸೀರೆ ಉಟ್ಟು, ತಲೆ ಬಾಚಿಕೊಂಡು, ಸೋಫಾದ ತುದಿಯಲ್ಲಿ ಕೂತಿರುತ್ತಿದ್ದರು. ನನ್ನ ಹೊಟ್ಟೆ ನೋಡಿ "ಎಷ್ಟ ತಿಂಗಳಾ?" ಅಂತ ಕೇಳೋರು. ಐದು ಅನ್ನುತ್ತಿದ್ದೆ. ಚಹಾ ಮುಗಿಯುವುದರೊಳಗೆ ಮತ್ತೊಂದು ಸಲ ಕೇಳೋರು, ಮೂರನೇ ಸಲ ಕೇಳುವ ಮೊದಲು ಕಾಕಾ ಮಾತು ತಿರುಗಿಸುತ್ತಿದ್ದರು. ನನಗೆ ಬುದ್ಧಿ ಬೇಡವೇ? ಡಾಕ್ಟರ ಹೆಂಡತಿ ಬೇರೆ. ವಯಸ್ಸಾದವರು ಹಾಗೇ ಅಂತ ಸುಮ್ಮನಾದೆ.

ಅಂಥ ಒಂದು ದಿನ ಕಾಕಾ ತಮ್ಮ ಮನೆಯ ಇನ್ನೊಂದು ಬೀಗದಕೈ ನನ್ನ ಕೈಗೆ ಕೊಟ್ಟರು. ನಾ ಎಲ್ಲರೆ ಕೀಲಿ ಕಳಕೊಂಡ್ರ ಬೇಕಾಗತದ, ಒಂದ ಹಗ್ಗಾ ನಂಬಿ ಯಾರೂ ಲಿಫ್ಟ ಕಟ್ಟೂದಿಲ್ಲ ಅಂದರು. ಒಳಗೆ ಕಾಕು ಇರುತ್ತಾರಲ್ಲ, ಬಾಗಿಲು ತೆಗೆಯುತ್ತಾರಲ್ಲ ಅಂತ ನಾನು ಕೇಳಲಿಲ್ಲ. ನನ್ನ ಬೀಗದಕೈ ಗೊಂಚಲಿಗೆ ಸಿಕ್ಕಿಸಿಕೊಂಡೆ.

ಅದಾದ ಕೆಲವೇ ದಿನಕ್ಕೆ ಒಂದು ಬೆಳಿಗ್ಗೆ ಹನ್ನೊಂದು ಗಂಟೆ ಸುಮಾರಿಗೆ ಹೈ ಸ್ಟ್ರೀಟಿನಿಂದ ಕೊತ್ತಂಬರಿ, ಮೆಂತ್ಯ ತಗೊಂಡು ಬಂದೆ. ಕಾಕಾ ಹಾಲು, ಬ್ರೆಡ್ಡು ಹಿಡಿದು ಲಿಫ್ಟಿನ ಮುಂದೆ ನಿಂತಿದ್ದರು. ನಾನು ಯಥಾಪ್ರಕಾರ ಮೆಟ್ಟಿಲ ಕಡೆ ತಿರುಗಿದೆ. ಇವತ್ತ ಪೂರಾ ಹೋಗೂಣು ಬಾ ಅಂದರು. ನಾಳೆ ಅಂದೆ. ಹೊಟ್ಟೆಯೊಳಗಿನ ಕೂಸಿಗಾದರೂ ದಯೆ ತೋರಿಸು ಅಂದರು. ಹೋದೆ. ಅವತ್ತು ಹಟ ಹಿಡಿದು ಮೆಟ್ಟಿಲು ಹತ್ತಿದ್ದರೆ... ಇರಲಿ.

ಏಳನೇ ಮಹಡಿ ದಾಟಿತು. ಕಟ್ ಅಂತ ಒಂದು ಸದ್ದು, ಲಿಫ್ಟು ಸಣ್ಣದಾಗಿ ಕುಲುಕಿ ನಿಂತಿತು. ದೀಪ ಇತ್ತು, ಮೋಟರಿನ ಸದ್ದು ಇಲ್ಲ. ಕಾಕಾ ಕಡೆ ನೋಡಿದೆ, ಈಗ ನಗುತ್ತಾರೆ, ಏನೋ ಲೆಕ್ಕ ಹೇಳುತ್ತಾರೆ ಅಂತ. ಅವರ ಮುಖ ಬಿಳುಚಿತ್ತು. ಗಡಿಯಾರ ನೋಡಿಕೊಂಡು ಅಪಾಯದ ಗುಂಡಿ ಒತ್ತಿದರು. ಎಲ್ಲೋ ದೂರದ ಊರಿನಿಂದ ಒಬ್ಬ ಹೆಂಗಸು ಸ್ಪೀಕರಿನಲ್ಲಿ ಮಾತಾಡಿದಳು. ಒಳಗೆ ಯಾರಿಗಾದರೂ ಹುಷಾರಿಲ್ಲವೇ ಅಂತ ಕೇಳಿದಳು. ನಾನು ಬಸುರಿ, ಆದರೆ ಆರಾಮಾಗಿದ್ದೀನಿ ಅಂದೆ. ಹಾಗಾದರೆ ಮೆಕ್ಯಾನಿಕ್‌ನನ್ನು ಬೇಗ ಕಳಿಸುತ್ತೀವಿ ಡಿಯರ್, ಅರ್ಧ ಗಂಟೆ ಅಂದಳು. ಆ ಸ್ಟೀಲ್ ಡಬ್ಬಿಯೊಳಗೆ ಮೊಬೈಲಿಗೆ ಸಿಗ್ನಲ್ ಇರಲಿಲ್ಲ.

ಅರ್ಧ ಗಂಟೆ ಅಂದದ್ದು ಮುಕ್ಕಾಲಾಯಿತು, ಒಂದು ಗಂಟೆಯೂ ದಾಟಿತು. ನಾನು ನೆಲದ ಮೇಲೆ ಕೂತುಬಿಟ್ಟಿದ್ದೆ. ಸೆಖೆ, ಕೊತ್ತಂಬರಿ ಬಾಡಿದ ವಾಸನೆ. ವಿಚಿತ್ರ ಅಂದರೆ ನನಗೆ ಭಯ ಅನ್ನಿಸಲಿಲ್ಲ, ಪಾಠ ಎಲ್ಲ ನೆನಪಿತ್ತು, ಇದು ನಿಲ್ಲೋ ಮಷೀನು, ನಿಂತಿದೆ. ಭಯ ಇದ್ದದ್ದು ಅವರಿಗೆ. ಮೂರು ಹೆಜ್ಜೆ ಆ ಕಡೆ, ಮೂರು ಹೆಜ್ಜೆ ಈ ಕಡೆ. ಇದ್ದಕ್ಕಿದ್ದಂತೆ ಎರಡೂ ಕೈಯ ಬೆರಳು ಬಾಗಿಲ ಸಂದಿಗೆ ತೂರಿಸಿ, ಇದ್ದ ಬಲವೆಲ್ಲ ಹಾಕಿ ಎಳೆದರು. ಬಾಗಿಲು ಒಂದು ಗೇಣು ತೆರೆದುಕೊಂಡಿತು. ಆಚೆ ಸಿಮೆಂಟಿನ ಗೋಡೆ. ಎಂಟನೇ ಮಹಡಿಯಲ್ಲಿ ನಮ್ಮ ಲಿಫ್ಟಿಗೆ ಬಾಗಿಲೇ ಇಲ್ಲ, ಅದು ಅವರಿಗಿಂತ ಚೆನ್ನಾಗಿ ಇನ್ನು ಯಾರಿಗೆ ಗೊತ್ತು? ಆದರೂ ಎಳೆದರು. ಆ ಗೋಡೆಗೆ ಹಣೆ ಹಚ್ಚಿ ನಿಂತರು.

ಏನು ಕಾಕಾ ಅಂತ ಅವರ ತೋಳು ಹಿಡಿದಾಗ ಹೇಳಿದರು. ಕಾಕುಗೆ ಮರೆವಿನ ರೋಗ. ಮೂರು ವರ್ಷವಾಯಿತು. ಒಬ್ಬರೇ ಹೊರಟುಬಿಡುತ್ತಾರೆ, ಎರಡು ಸಲ ಬಸ್ ಸ್ಟಾಪಿನಿಂದ ಹುಡುಕಿ ತಂದಿದ್ದಾರೆ. ಅದಕ್ಕೇ ತಾವು ಹೊರಗೆ ಹೋಗುವಾಗ ಬಾಗಿಲಿಗೆ ಹೊರಗಿನಿಂದ ಬೀಗ. ಔಷಧಿ ತಗೊಂಡು ಟೀವಿ ಮುಂದೆ ಕೂತರೆ ಇಪ್ಪತ್ತೈದು ನಿಮಿಷ ಸಮಾಧಾನವಾಗಿರುತ್ತಾರಂತೆ. ಅದನ್ನು ಅವರು ದಿನಗಟ್ಟಲೆ ಗಮನಿಸಿ ಕಂಡುಕೊಂಡಿದ್ದರು. ಲಿಫ್ಟಿನಲ್ಲಿ ಇಳಿದು, ಅಂಗಡಿಗೆ ಹೋಗಿ, ಹಾಲು ತಗೊಂಡು, ಮತ್ತೆ ಹತ್ತಿ ಬಾಗಿಲು ತೆಗೆಯುವುದಕ್ಕೆ ಇಪ್ಪತ್ತೆರಡು ನಿಮಿಷ. ಮೂರು ನಿಮಿಷ ಉಳಿಕೆ. ಅಷ್ಟೊಂದು ಕಟ್ಟಡಗಳಿಗೆ ಹಾಕಿದ ಸುತ್ತಿನ ಲೆಕ್ಕವನ್ನೇ ಮನೆಗೂ ಹಾಕಿದ್ದರು. ಲಿಫ್ಟು ನಡೆಯುತ್ತಿರುತ್ತೆ ಅಂತಲೇ ಆ ಲೆಕ್ಕ. ಕೆಟ್ಟು ನಿಂತರೆ ಅನ್ನುವುದು ಅದರಲ್ಲಿಲ್ಲ.

ಅದಕ್ಕೇ ಇನ್ನೊಂದು ಬೀಗದಕೈ ನನಗೆ ಕೊಟ್ಟದ್ದು. ತಾವು ಎಲ್ಲಾದರೂ ಸಿಕ್ಕಿಬಿದ್ದರೆ ನಾನಾದರೂ ಮೇಲಿರುತ್ತೀನಿ ಅಂತ, ಲಿಫ್ಟು ಹತ್ತದ ಹುಡುಗಿ, ಯಾವತ್ತೂ ಸಿಕ್ಕಿಬೀಳಲ್ಲ ಅಂತ. ನಾನು ಗೊಂಚಲು ತೆಗೆದು ನೋಡಿದೆ. ಅವರ ಕೈ ಜೇಬಿಗೆ ಹೋಯಿತು. ಎರಡೂ ಬೀಗದಕೈ ಇಲ್ಲೇ ಇದ್ದವು. ಇಷ್ಟು ದಿನ ಹಟ ಹಿಡಿದು ನನ್ನನ್ನು ಲಿಫ್ಟಿಗೆ ಹತ್ತಿಸಿದವರು ಅವರೇ!

ನಾನು ಗುಂಡಿಯ ಕಡೆ ಹೋದೆ. ಮನೆಯಲ್ಲೊಬ್ಬರು ಒಳಗಿದ್ದಾರೆ, ಯಾರಾದರೂ ಹೋಗಿ ನೋಡಲಿ ಅಂತ ಆ ಹೆಂಗಸಿಗೆ ಹೇಳಿದರೆ ಆಯಿತಲ್ಲ. ಕಾಕಾ ಗುಂಡಿಯ ಮೇಲೆ ಅಂಗೈ ಇಟ್ಟು ಮುಚ್ಚಿದರು.

"ಬಾಗಲಾ ಒಡೀತಾರ ತಂಗಿ. ಒಡದ್ರ ಕೌನ್ಸಿಲಿನವ್ರು ಆಕಿನ್ನ ಒಯ್ತಾರ. ಯಾರ ಮುಂದೂ ಹೇಳಬ್ಯಾಡ."

ಹೇಳಲ್ಲ ಕಾಕಾ ಅಂದೆ. ಹೌದು, ಅಂದೆ. ಗ್ಯಾಸು ಬಂದ್ ಮಾಡಿದ್ದೀನಿ, ಚಾಕು ಕತ್ತರಿ ಎಲ್ಲ ಮೇಲಿಟ್ಟಿದ್ದೀನಿ ಅಂತ ನನಗಲ್ಲ, ತಮಗೇ ಹೇಳಿಕೊಳ್ಳುತ್ತಿದ್ದರು. ಮತ್ತೆ ಗಡಿಯಾರ. ಲಿಫ್ಟು ನಿಂತು ಎಂಬತ್ತು ನಿಮಿಷ ಆಗಿತ್ತು. ಆಗ ಅವರ ಬಾಯಿಂದ ಇನ್ನೊಂದು ಮಾತು ಬಂತು, ಬಾಲ್ಕನಿ ಬಾಗಿಲು ಹಾಕಿದೆನೋ ಇಲ್ಲವೋ ನೆನಪಾಗವಲ್ದು ಅಂತ.

ಹನ್ನೊಂದನೇ ಮಹಡಿಯ ಬಾಲ್ಕನಿ. ಸೊಂಟದೆತ್ತರದ ಕಂಬಿ. ಮತ್ತೆ ಗುಂಡಿಗೆ ಕೈ ಚಾಚಿದೆ. ಅವರು ನನ್ನ ಮಣಿಕಟ್ಟು ಹಿಡಿದರು. ಎಪ್ಪತ್ತು ದಾಟಿದ ಕೈ, ಒಂದು ಜಾಡಿಸಿದ್ದರೆ ಬಿಟ್ಟುಹೋಗುತ್ತಿತ್ತು. ನಾನು ಜಾಡಿಸಲಿಲ್ಲ. ಅತ್ತ ದರಿ ಇತ್ತ ಪುಲಿ ಅಂತಾರಲ್ಲ, ಹಾಗೆ ನಿಂತೆ. ಇಪ್ಪತ್ತು ನಿಮಿಷ ನಿಂತೆ. ಮೊದಲ ಎಂಬತ್ತು ನಿಮಿಷ ಅವರದ್ದು ಅನ್ನಬಹುದು. ಆ ಇಪ್ಪತ್ತು ನಿಮಿಷ ಮಾತ್ರ ನನ್ನದೇ. ಅದಕ್ಕೆ ನಾನು ಇವತ್ತಿಗೂ ಯಾರ ಮೇಲೂ ತಪ್ಪು ಹೊರಿಸಲಾರೆ.

ಮೇಲಿನಿಂದ ಯಾರೋ ಕೂಗಿದರು. ಮೆಕ್ಯಾನಿಕ್ ಮೋಟರ್ ರೂಮಿನಲ್ಲಿ ಬ್ರೇಕು ಸಡಿಲಿಸುತ್ತಿದ್ದ. ಇಬ್ಬರೇ ಇದ್ದದ್ದರಿಂದ ಕೌಂಟರ್‌ವೇಟಿನದ್ದೇ ಮೇಲುಗೈ, ಕಾಕಾ ಹೇಳಿದ್ದ ಹಾಗೆಯೇ ನಾವು ನಿಧಾನಕ್ಕೆ ಮೇಲಕ್ಕೇ ಹೋದೆವು. ಒಂಬತ್ತರಲ್ಲಿ ಬಾಗಿಲು ತೆರೆಯಿತು. ಹಾಲು ಬ್ರೆಡ್ಡು ಅಲ್ಲೇ ಬಿಟ್ಟು ಅವರು ಮೆಟ್ಟಿಲು ಹತ್ತಿದರು, ಆ ವಯಸ್ಸಿನಲ್ಲಿ ಎರಡೆರಡು ಮೆಟ್ಟಿಲು. ನಾನು ಹೊಟ್ಟೆ ಹಿಡಿದುಕೊಂಡು ಹಿಂದೆ ಓಡಿದೆ.

ಅವರ ಮನೆಯ ಬಾಗಿಲ ಕೆಳಗಿನ ಸಂದಿಯಲ್ಲಿ ಬೆಳಕು ಬರುತ್ತಿತ್ತು, ಹೋಗುತ್ತಿತ್ತು, ಬರುತ್ತಿತ್ತು. ಕಾಕಾ ಕೈಗೆ ಬೀಗದ ಕಂಡಿ ಸಿಗಲಿಲ್ಲ. ನಾನೇ ನನ್ನ ಬೀಗದಕೈ ಹಾಕಿ ತೆಗೆದೆ.

ಕಾಕು ಬಾಗಿಲ ಹಿಂದೆಯೇ ನಿಂತಿದ್ದರು. ಸೀರೆಯ ಮೇಲೆ ಕೋಟು, ಕಾಲಿಗೆ ಬೂಟು, ತೋಳಿಗೆ ಕೈಚೀಲ. ಗೋಡೆಯ ಮೇಲಿನ ದೀಪದ ಸ್ವಿಚ್ಚು ಒತ್ತುತ್ತಿದ್ದರು. ಬೆರಳ ತುದಿ ಕೆಂಪಾಗಿತ್ತು. ನಮ್ಮನ್ನು ನೋಡಿ ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ.

"ಎಷ್ಟೊತ್ತಾತ್ರೀ ಒತ್ತಲಿಕ್ಕೆ ಹತ್ತಿ, ಲಿಫ್ಟ ಬರವಲ್ದು ನೋಡ್ರಿ" ಅಂದರು.

ಅರ್ಧ ನಿಮಿಷಕ್ಕಿಂತ ಹೆಚ್ಚು ಯಾರನ್ನೂ ಕಾಯಿಸಬಾರದು ಅಂತ ಬದುಕಿದ ಮನುಷ್ಯ, ಬಂತು ಬಂತು, ಈಗ ಬಂತು ನೋಡು ಅನ್ನುತ್ತಾ ಅವರ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ನಾನು ಹಿಂದೆ ಹೋದೆ. ಹಜಾರದ ಆ ತುದಿಯಲ್ಲಿ ಬಾಲ್ಕನಿಯ ಬಾಗಿಲು ಹಾರು ಹೊಡೆದಿತ್ತು, ಪರದೆ ಗಾಳಿಗೆ ಹೊರಕ್ಕೆ ಹಾರಾಡುತ್ತಿತ್ತು. ಕಾಕು ಆ ಕಡೆ ಹೋಗದೆ ಈ ಕಡೆ ಬಂದಿದ್ದರು, ಅಷ್ಟೇ. ಅದರಲ್ಲಿ ಯಾರ ಜಾಣತನವೂ ಇರಲಿಲ್ಲ. ಕಾಕಾ ನನ್ನ ಮುಖ ನೋಡಿದರು. ಲಿಫ್ಟಿನಲ್ಲಿ ಕೊಟ್ಟ ಮಾತನ್ನು ಅವರು ಬಾಯಿಬಿಟ್ಟು ಮತ್ತೆ ಕೇಳಲಿಲ್ಲ. ನಾನು ಬಾಲ್ಕನಿ ಬಾಗಿಲು ಹಾಕಿ ಮನೆಗೆ ಬಂದೆ.

ಸಂಜೆ ಊಟಕ್ಕೆ ಕೂತಾಗ ಅನ್ನ ಕಲಸಿ ಹಾಗೇ ಬಿಟ್ಟೆ. ನಮ್ಮವರು ಏನಾಯ್ತು ಅಂದರು. ಎಲ್ಲ ಹೇಳಿಬಿಟ್ಟೆ. ಅವರು ತಟ್ಟೆ ಪಕ್ಕಕ್ಕೆ ಸರಿಸಿದರು. ಡಾಕ್ಟರಾಗಿ ಇದನ್ನು ಕೇಳಿದ ಮೇಲೆ ಸುಮ್ಮನಿರೋಕಾಗಲ್ಲ, ಅವರ ಫ್ಯಾಮಿಲಿ ಡಾಕ್ಟರಿಗೆ ತಿಳಿಸಬೇಕು, ಆದರೆ ನೀನು ಹೂಂ ಅಂದರೆ ನಾಳೆ ಬೆಳಿಗ್ಗೆ ಫೋನ್ ಮಾಡ್ತೀನಿ ಅಂದರು. ಮೊದಲು ಕಾಕಾ ಹತ್ತಿರ ಮಾತಾಡೋಣವಾ ಅಂತಲೂ ಕೇಳಿದರು. ಆ ಮುಖವನ್ನು ಎದುರಿಸುವ ಧೈರ್ಯ ನನಗಿರಲಿಲ್ಲ. ಬೇಡ, ನೀವು ಫೋನ್ ಮಾಡಿ ಅಂದೆ.

ಮುಂದಿನ ವಾರ ಕೌನ್ಸಿಲಿನಿಂದ ಇಬ್ಬರು ಹೆಂಗಸರು ವಿಚಾರಿಸಲು ಬಂದರು. ನಮ್ಮ ಬಾಗಿಲಿನ ಕಣ್ಣುಕಿಂಡಿಯಿಂದ ಕಳ್ಳಿಯ ಹಾಗೆ ನೋಡುತ್ತಾ ನಿಂತಿದ್ದೆ. ಕಾಕಾ ಅವರನ್ನು ಮರ್ಯಾದೆಯಿಂದ ಒಳಗೆ ಕರೆದರು. ಬಾಗಿಲು ಹಾಕುವ ಮೊದಲು ಒಂದು ಸಲ ನೇರ ನನ್ನ ಬಾಗಿಲ ಕಡೆ ನೋಡಿದರು.

ಆಮೇಲಿನದ್ದು ಯಾರ ಕೈಯಲ್ಲೂ ಇರಲಿಲ್ಲ. ಮೊದಲು ಮನೆಗೇ ಆರೈಕೆಯ ಕೇರರ್‌ಗಳು ಬರುತ್ತಿದ್ದರು. ಕಾಕುಗೆ ಇಂಗ್ಲಿಷೆಲ್ಲ ಮರೆತುಹೋಗಿತ್ತು. ಗುರುತಿಲ್ಲದವರು ಮೈ ಮುಟ್ಟಿದರೆ ಕಿರುಚುತ್ತಿದ್ದರು. ಚಳಿಗಾಲ ಕಳೆಯುವುದರೊಳಗೆ ಅವರನ್ನು ರಾಮ್‌ಫರ್ಡ್ ಕಡೆಯ ಒಂದು ಕೇರ್ ಹೋಮಿಗೆ ಸೇರಿಸಿದರು. ಎಲ್ಲ ನೆಲಮಹಡಿಯಲ್ಲೇ, ಶುಚಿಯಾಗಿತ್ತು, ನರ್ಸುಗಳು ಒಳ್ಳೆಯವರು. ಬಾಗಿಲಿಗೆ ನಂಬರ್ ಒತ್ತಿದರೆ ತೆರೆಯುವ ಬೀಗ. ಅಲ್ಲೂ ಬೀಗವೇ, ಕಾಗದ ಪತ್ರ ಇದ್ದ ಬೀಗ. ಮಗಳಿಗೆ ಮೂರು ತಿಂಗಳಾದಾಗ ಒಂದೇ ಒಂದು ಸಲ ಹೋಗಿದ್ದೆ. ಕೂಸಿನ ಕೆನ್ನೆ ಮುಟ್ಟಿ ಎಷ್ಟು ತಿಂಗಳಾ ಅಂತ ಕೇಳಿದರು, ಮೂರು ಅಂದೆ. ನರ್ಸಿಗೂ ಕನ್ನಡದಲ್ಲೇ ಏನೇನೋ ಹೇಳುತ್ತಿದ್ದರು, ಅವಳು ನಗುತ್ತಾ ತಲೆಯಾಡಿಸುತ್ತಿದ್ದಳು. ಇನ್ನೊಂದು ಸಲ ಹೋಗಲು ನನ್ನಿಂದಾಗಲಿಲ್ಲ. ಕಾಕಾ ದಿನಾ ಹೋಗುತ್ತಿದ್ದರು, ಎರಡು ಬಸ್ ಬದಲಾಯಿಸಿ.

ಅವರು ನನಗೆ ಒಂದು ಮಾತು ಅನ್ನಲಿಲ್ಲ. ಎದುರು ಸಿಕ್ಕರೆ ಕೂಸಿನ ಯೋಗಕ್ಷೇಮ ಕೇಳುತ್ತಿದ್ದರು. ಆದರೆ ಲಿಫ್ಟಿನ ಬಾಗಿಲು ತೆರೆದಾಗ ಒಳಗೆ ಬರುತ್ತಿರಲಿಲ್ಲ. ನೀ ನಡಿ ತಂಗಿ, ನಾ ಮುಂದಿನದ್ರಾಗ ಬರ್ತೀನಿ ಅನ್ನುತ್ತಿದ್ದರು. ನಮ್ಮ ಮಹಡಿಗೆ ಮುಂದಿನದು ಅಂತ ಇನ್ನೊಂದು ಇರಲಿಲ್ಲ. ಅದೇ ಲಿಫ್ಟು ನನ್ನನ್ನು ಬಿಟ್ಟು ವಾಪಸು ಬರುವ ತನಕ ಅವರು ನಿಂತು ಕಾಯುತ್ತಿದ್ದರು. ನಾನು ಒಳಗೆ ಕೂಸಿನ ಪುಶ್‌ಚೇರ್ ಹಿಡಿದುಕೊಂಡು ಒಬ್ಬಳೇ ಹತ್ತುತ್ತಿದ್ದೆ. ಲಿಫ್ಟಿನ ಭಯ ನನಗೆ ಪೂರ್ತಿ ಬಿಟ್ಟುಹೋಗಿತ್ತು. ಈ ಒಂಟಿ ಪ್ರಯಾಣವೇ ಉಸಿರು ಕಟ್ಟಿಸುತ್ತಿತ್ತು.

ಒಂದೂವರೆ ವರ್ಷದ ಮೇಲೆ ಕಾಕು ಹೋದರು. ಮುಂದಿನ ತಿಂಗಳೇ ನಮಗೆ ಹ್ಯಾರೋ ಕಡೆ ಮನೆ ಸಿಕ್ಕಿತು. ಸಾಮಾನು ಕಟ್ಟುತ್ತಿದ್ದ ದಿನ ಬಾಗಿಲು ತಟ್ಟಿತು. ಕಾಕಾ. ಒಳಗೆ ಬನ್ನಿ ಅಂದರೂ ಹೊಸ್ತಿಲು ದಾಟಲಿಲ್ಲ. ಎಷ್ಟು ದಿನದಿಂದ ಕಟ್ಟಿಟ್ಟುಕೊಂಡಿದ್ದೆನೋ, ಕಾಕಾ ನಾನು ಅವತ್ತು... ಅಂತ ಶುರು ಮಾಡಿದ್ದಷ್ಟೇ, ಅಳು ಬಂದುಬಿಟ್ಟಿತು. ನಾನು ಕಣ್ಣು ಒರೆಸಿಕೊಳ್ಳುವ ತನಕ ಕಾಕಾ ಕಾದರು. ಸಿಟ್ಟಿಲ್ಲದ ದನಿಯಲ್ಲೇ ಹೇಳಿದರು.

"ನೀ ಹೇಳಿದ್ದು ಖರೇ ಅದ. ನಿನ್ನ ಜಾಗಾದಾಗ ನಾ ಇದ್ರೂ ಹೇಳತಿದ್ದೆ. ಆದ್ರ ಮೊದಲ ನನಗ ಹೇಳಬೇಕಿತ್ತು ತಂಗಿ. ಆಕಿನ್ನ ನಾನ ಕೈ ಹಿಡದು ಕರಕೊಂಡು ಹೋಗತಿದ್ದೆ."

ಮಗಳ ತಲೆ ಸವರಿ ಹೋದರು. ಆಮೇಲೆ ನಾನು ಅವರನ್ನು ನೋಡಲಿಲ್ಲ. ಫೋನ್ ಮಾಡಬೇಕು, ಹೋಗಬೇಕು ಅಂತ ಅಂದುಕೊಳ್ಳುತ್ತಲೇ ಎರಡು ವರ್ಷ ಕಳೆಯಿತು. ಇಲ್ಲಿನ ಕನ್ನಡದವರ ರಾಜ್ಯೋತ್ಸವದ ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದಾಗ ಧಾರವಾಡದ ಕಡೆಯವರೊಬ್ಬರು, ನಿಮ್ಮ ಪಕ್ಕದ ಮನೆ ಕಾಕಾ ತೀರಿಕೊಂಡು ಆಗಲೇ ಆರು ತಿಂಗಳಾಯಿತಲ್ಲ ಅಂದರು. ಹಿಂದಿನವರು ಮುಂದೆ ಹೋಗಿ ಅಂದಾಗಲೇ ನಾನು ಕದಲಿದ್ದು.

ಆ ದಿನ ಕ್ಯಾನರಿ ವಾರ್ಫ್‌ನಿಂದ ಸಂಜೆ ಮಗಳ ಜೊತೆ ವಾಪಸು ಬರುತ್ತಾ ಟ್ಯೂಬಿನಲ್ಲಿ ಇದನ್ನೆಲ್ಲ ಅವಳಿಗೆ ಹೇಳಿದೆ. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತೆ, ಉತ್ತರ ಮಾತ್ರ ಇಂಗ್ಲಿಷಿನಲ್ಲೇ. ಕಿವಿಗೆ ಸಿಕ್ಕಿಸಿದ್ದನ್ನು ತೆಗೆದು ಕೇಳಿದಳು. ನೀನು ಸರಿಯಾದ್ದೇ ಮಾಡಿದೆಯಲ್ಲ ಅಮ್ಮಾ, ಕಾಕು ಬಾಲ್ಕನಿಯಿಂದ ಬಿದ್ದುಹೋಗಿದ್ದರೆ ಏನು ಗತಿ ಅಂದಳು. ಹೌದು ಕಂದ, ಇವತ್ತಾದರೂ ಅದನ್ನೇ ಮಾಡುತ್ತೀನಿ ಅಂದೆ. ಮತ್ತೆ ಯಾಕೆ ಅಳ್ತಿದ್ದೀಯ ಅಂತ ಕೇಳಿದಳು.

ಅವರ ಬಾಗಿಲಿಗೂ ನಮ್ಮ ಬಾಗಿಲಿಗೂ ನಾಲ್ಕೇ ಹೆಜ್ಜೆ ಇತ್ತು. ಆ ಸಂಜೆ ಕೈ ತೊಳೆದು, ನಾಲ್ಕು ಹೆಜ್ಜೆ ನಡೆದು, ಕಾಕಾ, ನಾನು ಮಾತು ಮುರಿಯುತ್ತಿದ್ದೀನಿ ಅಂತ ಹೇಳಬಹುದಿತ್ತು. ಹೇಳಲಿಲ್ಲ.